ಕರು ಮೇಯ್ದ ಕಾವಲು

ಅನ್ನ ಬಸಿಯುವುದನ್ನು ಬಿಟ್ಟು ಕುಕ್ಕರಿಗೆ ಶರಣಾಗಿ ಎಷ್ಟೋ ಕಾಲವಾಗಿತ್ತು. ಇವತ್ತು ಕುಕ್ಕರಿನ ರಬ್ಬರು ಕೈಕೊಟ್ಟಿದ್ದರಿಂದ ಪಾತ್ರೆಯಲ್ಲೇ ಅನ್ನ ಮಾಡಿ ಬಸಿದೆ. ಗಂಜಿಯ ಹಬೆ ಮುಖಕ್ಕೆ ಹೊಡೆದದ್ದೇ ತಡ, ಪಂಚನಹಳ್ಳಿಯಲ್ಲಿ ಅಕ್ಕ ಗಿರಿಜೆಯ ನಡುಮನೆಯಲ್ಲಿ ನಿಂತಂತಾಯಿತು. ಗಂಜಿಯಿಂದ ಬಟ್ಟೆಯ ನೆನಪಾಗುವುದು ನನಗೊಬ್ಬಳಿಗೇ ಇರಬೇಕು.

ಅಕ್ಕ ಕೈಮಗ್ಗದಲ್ಲಿ ನೇಯುತ್ತಾಳೆ. ಸೀರೆಯಲ್ಲ, ಪಂಚೆಯಲ್ಲ, ಗೋಡೆಗೆ ತೂಗುಹಾಕುವ ದೊಡ್ಡ ಬಟ್ಟೆಗಳು. ಮದುವೆಗೆ ಮುಂಚೆ ಮೈಸೂರಿನಲ್ಲಿ ಕಲಿತ ವಿದ್ಯೆ. ನವಿಲನ್ನೋ ಹೂಬಳ್ಳಿಯನ್ನೋ ನೇಯ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳಿಗೆ ಹಿಡಿಸಿದ್ದು ಅಜ್ಜಂಪುರದ ಕಡೆ ದನ ಮೇಯುವ ಕಾವಲು, ಅದರಲ್ಲೂ ಬೇಸಿಗೆಯ ಒಣಹುಲ್ಲು. ತಂಗಡಿ ಹೂವಿನಿಂದ ಹಳದಿ, ತರೀಕೆರೆಯಿಂದ ತರಿಸಿದ, ಅಡಿಕೆ ಬೇಯಿಸಿದ ಚೊಗರಿನಿಂದ ಕೆಂಗಂದು. ಎಳೆ ಹರಿಯದಿರಲೆಂದು ನೂಲಿಗೆ ಗಂಜಿ. ಮನೆಯೆಲ್ಲ ಅದೇ ವಾಸನೆ.

ಅವಳ ಅತ್ತೆ ರುದ್ರಮ್ಮನವರಿಗೆ ಇದು ತಲೆಗೆ ಹತ್ತುತ್ತಿರಲಿಲ್ಲ. "ಹುಲ್ಲು ಹೊರಗೆ ಬೇಕಾದಷ್ಟೈತೆ. ಒಳಗ್ಯಾಕೆ ನೇಯ್ತೀಯೆ?" ಎನ್ನುವರು. ಬಂದ ನೆಂಟರೆಲ್ಲ ಮಗ್ಗಕ್ಕೊಂದು ಪ್ರದಕ್ಷಿಣೆ ಹಾಕಿಯೇ ಅಡುಗೆಮನೆ ಸೇರಬೇಕಿತ್ತು. ಈ ಬಟ್ಟೆ ಇಡಬೇಕಿದ್ದ ಮೈಸೂರಿನ ಪ್ರದರ್ಶನವೊಂದು ಮುಗಿಯಲಿ, ಆಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕು ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು. ಅಕ್ಕ ಎದುರಾಡಲಿಲ್ಲ. ನೇಯ್ಗೆ ಮಾತ್ರ ದಿನದಿನಕ್ಕೆ ನಿಧಾನವಾಯಿತು.

ಕೊನೆಗೂ ಕಾವಲಿನ ಬಟ್ಟೆ ಮಗ್ಗದಿಂದ ಇಳಿಯಿತು. ಅಂಚಿನ ಎಳೆಗಳಿಗೆ ಗಂಟುಕಟ್ಟಲು ನೆರವಾಗುತ್ತೇನೆಂದು ನಾನೂ ಹೋಗಿದ್ದೆ. ನೆರವಾದದ್ದು ಹೆಚ್ಚಾಗಿ ಚಕ್ಕುಲಿ ಡಬ್ಬಕ್ಕೆ. ಗಂಜಿ ಬಿಡಿಸಲು ಒಗೆಯುವ ಮುಂಚೆ ಬಿಸಿಲಲ್ಲೊಮ್ಮೆ ನೋಡೋಣವೆಂದು ಅಕ್ಕ ಬಟ್ಟೆಯನ್ನು ಅಂಗಳದ ಗಳದ ಮೇಲೆ ಹರಡಿದಳು. ಕಾಫಿ ಕುಡಿದು ಹೊರಗೆ ಬಂದರೆ, ಹಗ್ಗ ಬಿಚ್ಚಿಕೊಂಡ ಕರು ಅದರ ಮೂಲೆಯನ್ನು ಹಾಯಾಗಿ ಮೆಲ್ಲುತ್ತಿತ್ತು!

ನಾನು ಕಿರುಚಿಕೊಂಡೆ. ರುದ್ರಮ್ಮನವರು ಓಡಿಬಂದು ಬಟ್ಟೆಯನ್ನು ಅದರ ಬಾಯಿಂದ ಎಳೆದರು. ಅಂಗೈಯಗಲದಷ್ಟು ಮಾಯ. ಉಳಿದ ಎಳೆಗಳಿಂದ ಜೊಲ್ಲು ಸುರಿಯುತ್ತಿತ್ತು. ಅಕ್ಕ ಜಗಲಿಯ ಮೇಲೆ ಕುಸಿದು ಕೂತಳು.

"ಆ ಅಂಚನ್ನ ನೀಟಾಗಿ ಕತ್ತರಿಸಿಬಿಡೋಣ ಕಣೇ" ಎಂದೆ.

ರುದ್ರಮ್ಮನವರು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದರು. ಮಗ್ಗದ ಮೇಲಿದ್ದಾಗ ಅದನ್ನು ಪೂರ್ತಿಯಾಗಿ ನೋಡಿದವರೇ ಅಲ್ಲ. ಬಹಳ ಹೊತ್ತು ನೋಡಿದರು.

"ಬರೀ ಗಂಜಿ ಆಸೆಗಲ್ಲ ಕಣೇ ಗಿರಿಜಾ. ಹುಲ್ಲು ಅಂತ್ಲೇ ಬಾಯಿ ಹಾಕೈತೆ. ಕತ್ತರಿಸ್ಬೇಡ. ದನ ಮೇಯ್ದ ಜಾಗ ಹಿಂಗೇ ಮೋಟುಮೋಟಾಗಿರ್ತದೆ."

ಅಕ್ಕ ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅವತ್ತು ಸಂಜೆ ಅತ್ತೆ ಸೊಸೆ ಇಬ್ಬರೂ ಸೂಜಿ ಹಿಡಿದು ಕೂತರು. ತುಂಡೆಳೆಗಳು ಬಿಚ್ಚಿಹೋಗದಂತೆ ಬುಡದಲ್ಲಿ ಬಿಗಿದು, ತುದಿಗಳನ್ನು ಹಾಗೇ ಬಿಟ್ಟರು. ಮೈಸೂರಿಗೆ ರುದ್ರಮ್ಮನವರೂ ಹೊರಟರು. ಅಲ್ಲೊಬ್ಬರು ಆ ಬಟ್ಟೆಯನ್ನು ಕೊಳ್ಳಲು ಮುಂದೆ ಬಂದಾಗ ಅಕ್ಕ ಬಾಯಿ ತೆರೆಯುವ ಮೊದಲೇ, "ಇದು ನಮ್ಮನೇದು ಕಣ್ರೀ, ಕೊಡಲ್ಲ. ಬೇರೆ ನೋಡಿ" ಎಂದುಬಿಟ್ಟರಂತೆ. ಅಟ್ಟದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಬಸಿದ ಅನ್ನ ಆರಿಹೋಯಿತು. ಅಕ್ಕನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಮಗ್ಗದ ಸದ್ದು ಕೇಳಿಸಿತು.

"ಮಾತಾಡ್ತಾನೇ ನೇಯ್ತಿದ್ದೀಯೇನೇ?"

"ನಾನಲ್ಲ ಕಣೇ, ಅತ್ತೆ. ಹೋದ ತಿಂಗಳಿಂದ ಕಲೀತಿದಾರೆ. ಈಗ ತವರೂರಿನ ಕೆರೆ ನೇಯ್ತಾರಂತೆ. ನೀಲಿ ಹಾಕ್ತಾನೇ ಇದಾರೆ, ದಡ ಇನ್ನೂ ಬಂದಿಲ್ಲ."

ಫೋನು ಕಿವಿಗಿಟ್ಟುಕೊಂಡು ಆ ಸದ್ದನ್ನೇ ಕೇಳುತ್ತ ನಿಂತೆ.