ನಮ್ಮ ಸಾಂಬಾರಿಗೆ ಏನಾಗಿತ್ತು

ಪರೇಲಿನ ಹಳೆಯ ಚಾಳೊಂದರ ಕೆಳಗೆ ನಮ್ಮ ಹೊಟೇಲಿತ್ತು. ಅಪ್ಪ ಉಡುಪಿ ಕಡೆಯಿಂದ ಬಂದು ಶುರು ಮಾಡಿದ್ದು. ಆಮೇಲೆ ದುಡ್ಡಿನ ಗಲ್ಲೆಯಲ್ಲಿ ನಾನು ಕೂತೆ. ಚಾಳು ರೀಡೆವಲಪ್‌ಮೆಂಟಿಗೆ ಹೋಗಿ ಅದನ್ನು ಕೆಡವಿದಾಗ ಮೇಲಿನ ಮನೆಯವರೆಲ್ಲ ಸುತ್ತಮುತ್ತ ಬಾಡಿಗೆ ಹಿಡಿದರು. ನಾವು ಎರಡು ಗಲ್ಲಿ ಆಚೆ, ಹೊಸ ಬಿಲ್ಡಿಂಗಿನ ಕೆಳಗೆ ಜಾಗ ಮಾಡಿಕೊಂಡೆವು. ಅಡಿಗೆಮನೆಗೂ ಗಿರಾಕಿಗಳು ಕೂರುವ ಹಾಲಿಗೂ ನಡುವೆ ಗಾಜಿನ ಗೋಡೆ, ದೊಡ್ಡ ಎಕ್ಸಾಸ್ಟ್ ಫ್ಯಾನು, ಹಾಲಿಗೆ ಎಸಿ. ಅಪ್ಪ ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು ಎಂದು ನಾನು ಕಂಡವರಿಗೆಲ್ಲ ಹೇಳುತ್ತಿದ್ದೆ.

ಶುರುವಾದ ವಾರವೇ ಸಿಸ್ಟರ್ ಬಂದರು. ಧಾರವಾಡ ಕಡೆಯವರು, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಚಾಳಿನ ಮೇಲಿನ ಮಹಡಿಯಲ್ಲಿ ಒಂಟಿಯಾಗಿ ಇದ್ದವರು. ನಾನು ಹಾಫ್ ಪ್ಯಾಂಟ್ ಹಾಕುತ್ತಿದ್ದ ಕಾಲದಿಂದ ನಮ್ಮ ಇಡ್ಲಿ ತಿನ್ನುತ್ತಿದ್ದಾರೆ. ಅವತ್ತು ಅರ್ಧ ಇಡ್ಲಿ ಮುಗಿಸಿ ಚಮಚ ಕೆಳಗಿಟ್ಟರು.

"ತಮ್ಮಾ, ಭಟ್ಟರನ್ನ ಬದ್ಲಿ ಮಾಡಿದಿ ಏನು?"

"ಇಲ್ಲ ಸಿಸ್ಟರ್, ಅವರೇ ಇದ್ದಾರಲ್ಲ ಒಳಗೆ."

"ಹಂಗಾದ್ರ ಈ ಸಾಂಬಾರ್ ಯಾರದು? ನಿಮ್ದಲ್ಲ ಇದು."

ಅವರಿಗೆ ವಯಸ್ಸಾಯಿತು, ಹೊಸ ಜಾಗ ಒಗ್ಗುತ್ತಿಲ್ಲ ಎಂದುಕೊಂಡು ಗಲ್ಲೆಗೆ ವಾಪಸಾದೆ. ಆದರೆ ಅದೇ ವಾರ ಚಾಳಿನ ಇನ್ನೊಬ್ಬರು, ಮಿಲ್ಲಿನಲ್ಲಿ ದುಡಿದ ಮರಾಠಿ ಮುದುಕರು, ಸಾಂಬಾರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ಏನೋ ಕಮ್ಮಿಯಿದೆ, ಆದರೆ ಏನೆಂದು ಹೇಳಲು ಬರುತ್ತಿಲ್ಲ ಎಂದರು. ಅವರಿಗೆ ಹೇಳಲು ಬಾರದೇ ಇದ್ದದ್ದೇ ನನ್ನ ತಲೆಗೆ ಹೊಕ್ಕಿತು. ಉಪ್ಪು ಕಮ್ಮಿ, ಹುಳಿ ಜಾಸ್ತಿ ಎಂದಿದ್ದರೆ ಸರಿ ಮಾಡಬಹುದು. ಇದಕ್ಕೆ ಏನು ಮಾಡುವುದು?

ಒಳಗೆ ಹೋಗಿ ಭಟ್ಟರನ್ನು ಕೇಳಿದೆ. ಅವರು ಅಪ್ಪನ ಕಾಲದವರು, ನನಗೆ ಹೆದರುವವರಲ್ಲ.

"ಅದೇ ಬೇಳೆ, ಅದೇ ಮಸಾಲೆ, ಅದೇ ಕೈ. ಇನ್ನೆಂತ ಬೇಕು ಮಾರಾಯ್ರೆ? ಸಂಶಯ ಇದ್ದರೆ ನೀವೇ ನಿಂತು ನೋಡಿ."

ನಾನು ನಿಂತು ನೋಡಿದೆ. ಮೊದಲು ಕರಿಬೇವಿನ ಮೇಲೆ ಅನುಮಾನ ಬಂತು. ದಾದರ್ ಮಾರ್ಕೆಟಿಗೆ ಬೆಳಿಗ್ಗೆ ನಾನೇ ಹೋಗಿ, ನಮಗೆ ಯಾವಾಗಲೂ ಸೊಪ್ಪು ಕೊಡುವ ಹೆಂಗಸಿನ ಮುಂದೆ ಕೂತು ಕಂತೆ ಕಂತೆ ಮೂಸಿದೆ. ಅವಳು ನಗುತ್ತ ನೋಡುತ್ತಿದ್ದಳು. ಸೊಪ್ಪು ಚೆನ್ನಾಗಿಯೇ ಇತ್ತು. ಆಮೇಲೆ ನೀರು. ಅಲ್ಲೂ ಇಲ್ಲೂ ಮುನಿಸಿಪಾಲ್ಟಿ ನೀರೇ. ಉಳಿದದ್ದು ಪಾತ್ರೆ. ಹಳೆಯ ಕಲಾಯಿ ಹಾಕಿದ ಹಿತ್ತಾಳೆ ಕೊಪ್ಪರಿಗೆಯನ್ನು ಬಿಟ್ಟು ಇಲ್ಲಿ ಸ್ಟೀಲ್ ಪಾತ್ರೆ ಇಟ್ಟಿದ್ದೆವು. ಸಿಕ್ಕಿತು ಎಂದುಕೊಂಡೆ. ಮೂಲೆಯಲ್ಲಿದ್ದ ಕೊಪ್ಪರಿಗೆಗೆ ಮತ್ತೆ ಕಲಾಯಿ ಮಾಡಿಸಿದೆ.

ಕಾಲೇಜಿಗೆ ರಜೆಯಿದ್ದ ಮಗಳಿಗೆ ಈ ಗಲಾಟೆ ಮಜಾ ಅನ್ನಿಸಿತು. "ಪಪ್ಪಾ, ಹಾಗೆ ಕೇಳಿದ್ರೆ ಆಗಲ್ಲ. ನಾನು ಎರಡೂ ಪಾತ್ರೆಯಿಂದ ಒಂದೊಂದು ಕಟೋರಿ ಸಾಂಬಾರ್ ತರ್ತೇನೆ. ಒಂದು ಸ್ಟೀಲ್‌ದು, ಒಂದು ಪಿತ್ತಲ್‌ದು. ಯಾವ್ದು ಯಾವ್ದು ಅಂತ ಬೋಲ್ನಾ ಮತ್, ಹೇಳ್ಲೇಬಾರ್ದು, ಓಕೆ?"

ಎರಡೂ ಬಟ್ಟಲು ಸಿಸ್ಟರ್ ಮುಂದೆ ಬಂದವು. ಅವರು ಎರಡನ್ನೂ ನಿಧಾನವಾಗಿ ಕುಡಿದರು. ಮಗಳು ಅವರ ಮುಖವನ್ನೇ ನೋಡುತ್ತ ನಿಂತಿದ್ದಳು.

"ಎರಡೂ ಒಂದ ಅದಾವು," ಎಂದರು ಸಿಸ್ಟರ್. "ಎರಡೂ ನಿಮ್ವಲ್ಲ."

ಒಳಗಿನಿಂದ ಭಟ್ಟರು ಸೌಟನ್ನು ಕೊಪ್ಪರಿಗೆಗೆ ಠಣ್ಣೆಂದು ಬಡಿದರು.

ನಾನೇನೂ ಹುಡುಕುವುದನ್ನು ಬಿಡಲಿಲ್ಲ, ಆದರೆ ಎಲ್ಲಿ ಹುಡುಕಬೇಕೋ ತಿಳಿಯದೆ ಹೋಯಿತು. ಹಾಗಿರುವಾಗ ಒಂದು ಸೋಮವಾರ ಆಫೀಸಿನವರ ನೂಕುನುಗ್ಗಲು. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು, ಮೊಣಕಾಲು ನೋವು ಬೇರೆ. ಕೂರಿಸಲು ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಅಡಿಗೆಮನೆಯಲ್ಲಿ ಭಟ್ಟರು ಕೂರುವ ಸ್ಟೂಲು ನೆನಪಾಗಿ, ಅವರನ್ನು ಒಳಗೇ ಕರೆದುಕೊಂಡು ಹೋಗಿ ಕೂರಿಸಿದೆ. ತಟ್ಟೆ ಅವರ ಕೈಗೆ ಬರುವ ಹೊತ್ತಿಗೆ ಭಟ್ಟರು ಒಗ್ಗರಣೆಗೆ ತೆಂಗಿನೆಣ್ಣೆ ಕಾಯಿಸಿ ಸಾಸಿವೆ, ಒಣಮೆಣಸು, ಕರಿಬೇವು ಹಾಕಿದರು. ಚಟಪಟ ಸದ್ದಿನ ಜೊತೆ ಹೊಗೆಯೆದ್ದಿತು. ಹಿಂದಿನಿಂದಲೇ ಇಂಗು.

ಸಿಸ್ಟರ್ ಒಂದು ತುತ್ತು ತಿಂದರು. ಇನ್ನೊಂದು ತಿಂದರು.

"ಇವತ್ತ ಏನ್ ಹಾಕೀರಿ ಇದಕ್ಕ?"

"ಎಂತ ಹಾಕುವುದು? ನಿನ್ನೆಯದ್ದೇ ಇವತ್ತೂ," ಎಂದು ಭಟ್ಟರು ತಿರುಗದೇ ಹೇಳಿದರು.

"ಇಲ್ರೀ. ಇದು ಹಳೇ ಸಾಂಬಾರ್ ಐತಿ. ನಿಮ್ದು."

ಹಾಲಿನಲ್ಲಿ ಇರುವವರೂ ಅದೇ ಕೊಪ್ಪರಿಗೆಯದ್ದನ್ನೇ ತಿನ್ನುತ್ತಿದ್ದರು. ನನಗೆ ಏನೋ ಹೊಳೆದಂತಾಯಿತು. ಒಂದು ಮೇಜು ಖಾಲಿಯಾದ ಕೂಡಲೇ ಸಿಸ್ಟರನ್ನು ಅದೇ ಬಟ್ಟಲಿನೊಂದಿಗೆ ಹೊರಗೆ ಎಸಿಯಲ್ಲಿ ಕೂರಿಸಿದೆ. ಒಂದು ಚಮಚ ಬಾಯಿಗಿಟ್ಟು ತಲೆಯಾಡಿಸಿದರು. "ಹೋತು," ಎಂದರು, ಕೈಯಲ್ಲಿದ್ದ ಹಕ್ಕಿ ಹಾರಿದ ಹಾಗೆ. ಮತ್ತೆ ಒಳಗೆ ಕರೆದೊಯ್ದೆ. "ಬಂತು ನೋಡು." ಮೊಣಕಾಲು ನೋವಿನವರನ್ನು ಹೀಗೆ ಒಳಗೆ ಹೊರಗೆ ಓಡಾಡಿಸಿದ್ದಕ್ಕೆ ಭಟ್ಟರು ನನ್ನನ್ನು ಬೈದರು. ಆದರೆ ಅವರೂ ಸೌಟು ಹಿಡಿದುಕೊಂಡು ಬಾಗಿಲ ತನಕ ಬಂದು ನೋಡುತ್ತಿದ್ದರು.

ಹಳೆಯ ಜಾಗದಲ್ಲಿ ಅಡಿಗೆಮನೆಗೆ ಅರ್ಧ ಗೋಡೆ ಮಾತ್ರ ಇತ್ತು. ಒಗ್ಗರಣೆ ಬಿದ್ದರೆ ಗಿರಾಕಿಗಳು ಸೀನುತ್ತಿದ್ದರು, ಬೈಯುತ್ತಿದ್ದರು, ಆ ಹೊಗೆಯನ್ನೇ ಉಸಿರಾಡುತ್ತ ಇಡ್ಲಿ ತಿನ್ನುತ್ತಿದ್ದರು. ಈಗ ಅದನ್ನೆಲ್ಲ ಎಕ್ಸಾಸ್ಟ್ ಫ್ಯಾನು ಬಿಲ್ಡಿಂಗಿನ ಹಿಂದಿನ ಗಲ್ಲಿಗೆ ಎಸೆಯುತ್ತಿತ್ತು. ಅಲ್ಲಿ ಸೈಕಲ್ ರಿಪೇರಿಯವನೊಬ್ಬನೇ ಇದ್ದದ್ದು.

"ನನಗೆ ಯಾಕೆ ಗೊತ್ತಾಗಲಿಲ್ಲ ಭಟ್ರೆ?" ಎಂದೆ. "ನಾನೂ ದಿನಾ ಹೊರಗೆ ಕೂತೇ ತಿನ್ನುತ್ತೇನಲ್ಲ."

"ನಿಮಗೆ ಹೇಗೆ ಗೊತ್ತಾಗುವುದು? ನಿಮ್ಮ ಅಂಗಿಯಲ್ಲೇ ಉಂಟು ಅದು. ಹುಟ್ಟಿದ ಮೇಲೆ ಅದನ್ನು ಬಿಟ್ಟು ಬೇರೆಂತ ಮೂಸಿದ್ದೀರಿ?"

ಗಾಜಿನ ಗೋಡೆಯಲ್ಲಿ ಒಂದು ಭಾಗ ತೆಗೆಸಿ ಕಿಟಕಿ ಮಾಡಿಸಿದೆ. ಎಲ್ಲರಿಗೂ ಅದು ಹಿಡಿಸಲಿಲ್ಲ. ಮೀಟಿಂಗಿಗೆ ಹೋಗುವ ಹುಡುಗಿಯೊಬ್ಬಳು ಬಟ್ಟೆಯೆಲ್ಲ ವಾಸನೆ ಬರುತ್ತದೆ ಎಂದು ಹಿಂದಿಯಲ್ಲಿ ಬೇಸರ ಹೇಳಿದಳು, ಅವಳ ಮಾತೂ ಸರಿಯೇ. ಕೊನೆಗೆ ಕಿಟಕಿಯ ಬದಿಯ ನಾಲ್ಕಾರು ಮೇಜುಗಳನ್ನು ಬೇರೆ ಮಾಡಿ, ನಡುವೆ ಒಂದು ಬಾಗಿಲು ಹಾಕಿಸಿದೆ. ಚಾಳಿನವರು ಯಾರೂ ಹೇಳದೇ ಆ ಕಡೆಗೇ ಹೋಗುತ್ತಾರೆ. ಮಿಲ್ಲಿನ ಮುದುಕರು ಸೀನಿ, ಕಣ್ಣೊರೆಸಿಕೊಂಡು, ಇನ್ನೊಂದು ಬಟ್ಟಲು ತರಿಸುತ್ತಾರೆ.

ಆದರೆ ಭಟ್ಟರ ಮಾತು ನನ್ನನ್ನು ಬಿಡಲಿಲ್ಲ. ಇಷ್ಟು ಜನ ಹುಡುಕಿಕೊಂಡು ಬರುವ ಆ ವಾಸನೆ ನಿಜಕ್ಕೂ ಹೇಗಿರುತ್ತದೆ? ಮನೆಯಲ್ಲಿ ಹೆಂಡತಿಯನ್ನು ಕೇಳಿದೆ. "ನೀವು ಬಾಗಿಲು ತೆರೆಯುವ ಮೊದಲೇ ನನಗೆ ಗೊತ್ತಾಗುತ್ತದೆ," ಎಂದಳು. ಹೇಗಿರುತ್ತದೆ ಎಂದರೆ ಅವಳಿಗೂ ಹೇಳಲು ಬರಲಿಲ್ಲ.

ಹೋದ ಮೇ ತಿಂಗಳಲ್ಲಿ ತಂಗಿಯ ಮಗನ ಮದುವೆಗೆಂದು ಊರಿಗೆ ಹೋಗಿ ಕೆಲವು ದಿನ ಉಳಿದೆ. ವಾಪಸು ಬಂದವನು ಮನೆಗೆ ಹೋಗದೆ, ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಲೋಕಲ್ ಹಿಡಿದು ಪರೇಲಿನಲ್ಲಿಳಿದೆ. ಬೆಳಗಿನ ತಿಂಡಿಯ ಹೊತ್ತು. ಹೊಟೇಲಿನ ಮೆಟ್ಟಿಲು ಹತ್ತುವಾಗ ಅದು ಬಂತು. ಸುಟ್ಟ ಮೆಣಸು, ಬಿಸಿ ಎಣ್ಣೆಯ ಕರಿಬೇವು, ಅದರ ಕೆಳಗೆ ಒದ್ದೆ ಅಕ್ಕಿ, ಕಾಫಿ, ಒರೆಸಿದ ನೆಲ. ಯಾರದೋ ಹೊಟೇಲು, ಒಳ್ಳೆಯ ಹೊಟೇಲಿರಬೇಕು ಅನ್ನಿಸಿತು. ಹಸಿವಾಯಿತು. ಒಳಗೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಆ ವಾಸನೆ ಹೋಗಿಬಿಟ್ಟಿತು. ನಾನು ತಿರುಗಿ ಹೊರಗೆ ಹೋಗಿ ಬೀದಿಯ ಮೂಲೆಯ ತನಕ ನಡೆದು, ಮತ್ತೆ ಬಂದು ನೋಡಿದೆ. ಸಿಗಲಿಲ್ಲ. ಗಲ್ಲೆಯಲ್ಲಿದ್ದ ಮಗಳು, "ಪಪ್ಪಾ, ಏನಾದ್ರೂ ಮರೆತ್ರಾ, ಭೂಲ್ ಗಯೇ ಕ್ಯಾ?" ಎಂದು ಕೇಳಿದಳು.