ನಾಗೇಶ ಕೊಂಡ ಹವಾಮಾನ

ಮೊನ್ನೆ ಮಿಕ್ಸಿ ಜಾರಿನ ವಾಷರ್ ಹುಡುಕಿಕೊಂಡು ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ವಾಷರ್ ಇರಲಿಲ್ಲ. ಈಗಿನ ಅಂಗಡಿಗಳಲ್ಲಿ ನಮಗೆ ಬೇಕಾದದ್ದು ಇರುವುದಿಲ್ಲ, ಬೇಡವಾದದ್ದಕ್ಕೆ ರಿಯಾಯಿತಿ ಇರುತ್ತದೆ. ಗಾಜಿನ ಕಪಾಟಿನಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಯಂತ್ರವೊಂದು ಕೂತಿತ್ತು. ತಲೆಯ ಮೇಲೆ ಗಾಳಿಗೆ ತಿರುಗುವ ಮೂರು ಬಟ್ಟಲು, ಪಕ್ಕದಲ್ಲಿ ಮಳೆ ಹಿಡಿಯುವ ಡಬ್ಬಿ. "ಮನೆಗೇ ಹವಾಮಾನ ಕೇಂದ್ರ ಸಾರ್," ಎಂದ ಅಂಗಡಿಯವ. "ಮಳೆ ಬಂದ್ರೆ ಮೊಬೈಲಿಗೆ ಮೆಸೇಜು ಬರುತ್ತೆ. ನೀವು ಕಿಟಕಿ ತೆಗೆದು ನೋಡೋದೇ ಬೇಡ." ಕಿಟಕಿ ತೆಗೆಯುವ ಘೋರ ಕಷ್ಟದಿಂದ ಮನುಷ್ಯಕುಲವನ್ನು ಪಾರು ಮಾಡಿದ್ದಕ್ಕೆ ಅವನಿಗೆ ಕೈಮುಗಿದು ಹೊರಬಿದ್ದೆ. ಆದರೆ ಬಸ್ ಸ್ಟ್ಯಾಂಡು ಮುಟ್ಟುವವರೆಗೂ ನಗು ತಡೆಯಲಾಗಲಿಲ್ಲ. ಒಬ್ಬನೇ ನಗುತ್ತಾ ಹೋಗುವ ಮುದುಕನನ್ನು ಕಂಡು ಜನ ದಾರಿ ಬಿಟ್ಟರು. ಯಾಕೆ ನಕ್ಕೆನೆಂದು ನಿಮಗಾದರೂ ಹೇಳಬೇಕು.

ನಾನು ಕಡೂರಿನ ಕಡೆಯವನು. ಜಿಲ್ಲೆ ಇದೇ, ಆದರೆ ಮಳೆಯ ವಿಷಯದಲ್ಲಿ ಬೇರೆ ದೇಶ. ನಮ್ಮಲ್ಲಿ ಮಳೆ ಬಂದರೆ "ಬಂತು" ಅನ್ನುತ್ತೇವೆ, ಬರದಿದ್ದರೆ "ಇಲ್ಲ" ಅನ್ನುತ್ತೇವೆ. ಅಳತೆ ಮಾಡುವಷ್ಟು ಬಂದ ನೆನಪು ಯಾರಿಗೂ ಇಲ್ಲ. ಮೂಡಿಗೆರೆಯ ಹೈಸ್ಕೂಲಿಗೆ ಭೂಗೋಳದ ಮೇಷ್ಟರಾಗಿ ಬಂದು, ಗೋಣಿಬೀಡಿನ ಹತ್ತಿರದ ಕಾಫಿ ತೋಟದ ಮನೆಯ ವಿಮಲೆಯನ್ನು ಮದುವೆಯಾದ ಮೇಲೆಯೇ ನನಗೆ ತಿಳಿದದ್ದು, ಮಳೆಯೆನ್ನುವುದು ಗಂಡಸರ ಮಾನಕ್ಕೆ ಸಂಬಂಧಿಸಿದ ಸಂಗತಿ ಎಂದು. ಬೆಳಗಾದರೆ ತೋಟದಿಂದ ತೋಟಕ್ಕೆ ಫೋನು. "ನಿಮ್ಮಲ್ಲೆಷ್ಟು ಮಾರಾಯ?" "ಒಂದಿಂಚು ಇಪ್ಪತ್ತು ಸೆಂಟು." "ಅಷ್ಟೇನಾ! ನಮ್ಮಲ್ಲಿ ಒಂದು ಅರವತ್ತು." ನೂರು ಸೆಂಟು ಸೇರಿದರೆ ಒಂದಿಂಚು. ಕಡಿಮೆ ಬಂದವನು ಏನೋ ತಪ್ಪು ಮಾಡಿದವನಂತೆ ದನಿ ತಗ್ಗಿಸುತ್ತಿದ್ದ. ನನ್ನ ಮಾವನವರು ತೀರಿಕೊಂಡ ದಿನ ಫೋನು ಮಾಡಿದ ಒಬ್ಬರು, ಮೊದಲು ರಾತ್ರಿಯ ಮಳೆ ಎಷ್ಟೆಂದು ಕೇಳಿ, ಉತ್ತರ ಬಂದ ಮೇಲೆಯೇ ಅಳುವುದಕ್ಕೆ ಶುರುಮಾಡಿದರು.

ಆ ಮಾವನವರು ಮನೆ ಮುಂದಿನ ಕಣದ ಅಂಚಿನಲ್ಲಿ ತಾಮ್ರದ ಮಳೆಮಾಪಕವೊಂದನ್ನು ಸಿಮೆಂಟು ಹಾಕಿ ನಿಲ್ಲಿಸಿದ್ದರು. ಮೇಲೆ ಕೊಳವೆಬಾಯಿ, ಒಳಗೆ ಬಾಟಲಿ, ಅಳೆಯಲು ಗೆರೆ ಹಾಕಿದ ಗಾಜಿನ ಲೋಟ. ಅಷ್ಟೇ ಅದರ ವೈಭವ. ಅವರು ಹೋದ ಮೇಲೆ ಗಂಡುಮಕ್ಕಳಿಬ್ಬರೂ ಪಾಲು ಮಾಡಿಕೊಂಡರು. ದೊಡ್ಡವರು ಧರ್ಮಣ್ಣ, ಚಿಕ್ಕವನು ನಾಗೇಶ. ಗುಡ್ಡದ ಮೇಲಿನ ತೋಟ ಮತ್ತು ಹಳೇ ಮನೆ ಅಣ್ಣನಿಗೆ, ಕೆಳಗಿನ ತೋಟ ತಮ್ಮನಿಗೆ. ಎಕರೆಗಟ್ಟಲೆ ಕಾಫಿಯನ್ನು ನಗುನಗುತ್ತಾ ಹಂಚಿಕೊಂಡವರು ಕೊನೆಗೆ ಬಂದು ಆ ತಾಮ್ರದ ಡಬ್ಬದ ಮುಂದೆ ನಿಂತುಬಿಟ್ಟರು.

"ಇನ್ನೇನೂ ಬೇಡ ನಂಗೆ, ಅದೊಂದು ಕೊಡು," ಎಂದ ನಾಗೇಶ.

"ಅದು ನೆಲಕ್ಕೆ ಸೇರಿದ್ದು. ನೆಲ ನನ್ನ ಪಾಲಿಗೆ ಬಂದಿದೆ," ಎಂದರು ಧರ್ಮಣ್ಣ.

ಪಂಚಾಯ್ತಿಗೆ ಕೂತ ಹಿರಿಯರು ಸಿಮೆಂಟನ್ನು ಕಾಲಿನಿಂದ ಒದ್ದು ನೋಡಿ, ಹೌದು, ನೆಲಕ್ಕೇ ಸೇರಿದೆ ಎಂದು ತೀರ್ಪು ಕೊಟ್ಟರು. ಅವತ್ತಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ನಡುವೆ ಒಂದು ಬೇಲಿ, ಎರಡು ಕಡೆಗೂ ಒಂದೇ ಮೋಡ.

ಮಾತು ಬಿಟ್ಟದ್ದನ್ನು ನಾಗೇಶ ಹೇಗೋ ಸಹಿಸಿದ. ಸಹಿಸಲಾರದೆ ಹೋದದ್ದು ಬೆಳಗಿನ ಫೋನನ್ನು. "ನಿಮ್ಮಲ್ಲೆಷ್ಟು?" ಎಂದು ಯಾರಾದರೂ ಕೇಳಿದರೆ ಅವನ ಹತ್ತಿರ ಉತ್ತರವಿರಲಿಲ್ಲ. "ಚೆನ್ನಾಗಿ ಬಂತು" ಅನ್ನುತ್ತಿದ್ದ. ಚೆನ್ನಾಗಿ ಅಂದರೆ ಎಷ್ಟು ಸೆಂಟು? ಕೇಳಿದವರು ಪಾಪ ಅನ್ನುವಂತೆ ನಕ್ಕು ಮೇಲಿನ ಮನೆಗೆ ಫೋನು ಮಾಡುತ್ತಿದ್ದರು. ಕೆಲವು ವರ್ಷ ಹೀಗೆ ಕಳೆದ ಮೇಲೆ ಒಂದು ಭಾನುವಾರ ಅವನು ಮೂಡಿಗೆರೆಯ ನಮ್ಮ ಮನೆಗೆ ಬಂದ. "ಭಾವ, ಅಣ್ಣನ ಹತ್ರ ಬರೀ ಮಳೆ ಇದೆ. ನಂಗೆ ಮಳೆ, ಗಾಳಿ, ಶೆಕೆ, ತೇವ ಎಲ್ಲಾ ಅಳೆಯೋ ಮೆಷಿನ್ನು ಬೇಕು. ನೀವು ಭೂಗೋಳದವರು, ಆರಿಸಿಕೊಡಿ."

ಭೂಗೋಳದವನು ಹೌದು. ವರ್ಷಕ್ಕೊಮ್ಮೆ ಕಪ್ಪು ಹಲಗೆಯ ಮೇಲೆ ಮಳೆಮಾಪಕದ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಿದ್ದೆ. ಮಾವನವರದ್ದನ್ನು ಬಿಟ್ಟರೆ ಇನ್ನೊಂದನ್ನು ಕಣ್ಣಿನಿಂದ ಕಂಡವನಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿದೆ. ಒಳಗಿನಿಂದ ವಿಮಲಾ, "ಕಡೂರಿನವರ ಕೈಲಿ ಮಳೆ ಆರಿಸ್ತೀಯಲ್ಲೋ, ನಿಂಗೆ ಬೇರೆ ಯಾರೂ ಸಿಗ್ಲಿಲ್ವಾ?" ಎಂದಳು. ತಮ್ಮನೂ ಗಂಡನೂ ಒಟ್ಟಿಗೆ ಹಾಳಾಗುವುದನ್ನು ನೋಡುವ ಯೋಗ ಎಲ್ಲ ಹೆಂಗಸರಿಗೂ ಸಿಗುವುದಿಲ್ಲ.

ಅದು ಕಾಫಿ ರೇಟು ನೆಲ ಕಚ್ಚಿದ್ದ ಕಾಲ. ನಾಗೇಶನ ಹೆಂಡತಿ ಜಯಂತಿ ಮನೆ ಖರ್ಚನ್ನೆಲ್ಲ ಬಿಗಿಹಿಡಿದು ಕೂತಿದ್ದಳು. "ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ನಾನು ಕೊಟ್ಟಷ್ಟರಲ್ಲಿ ಬರೋ ಹವಾಮಾನ ತಗೊಳ್ಳಿ," ಎಂದಳು. ಅವಳು ಕೊಟ್ಟಷ್ಟನ್ನು ಜೇಬಿಗಿಟ್ಟುಕೊಂಡು ನಾವಿಬ್ಬರೂ ಚಿಕ್ಕಮಗಳೂರಿನ ಮಹಡಿಯ ಮೇಲಿನ ಒಬ್ಬ ಏಜೆಂಟನ ಬಳಿಗೆ ಹೋದೆವು. ಟೈ ಕಟ್ಟಿದ ಮನುಷ್ಯ. ಮೇಜಿನ ಮೇಲೆ ವಿದೇಶಿ ಯಂತ್ರವೊಂದನ್ನು ನಿಲ್ಲಿಸಿ, ಬಾಯಿಂದ ಊದಿ ಗಾಳಿಯ ವೇಗ ತೋರಿಸಿದ. ಕುಡಿಯುವ ನೀರಿನ ಬಾಟಲಿಯಿಂದ ಮಳೆ ಸುರಿಸಿದ. ಅವನ ಎಂಜಲು ಗಾಳಿಗೆ ಪರದೆಯ ಮೇಲೆ ಅಂಕಿಗಳು ಓಡಿದ್ದನ್ನು ಕಂಡು ನಾಗೇಶನ ಕಣ್ಣು ತುಂಬಿ ಬಂತು.

ಬೆಲೆ ಕೇಳಿದ ಮೇಲೆ ಇನ್ನೊಮ್ಮೆ ತುಂಬಿ ಬಂತು. ಅಲ್ಲಿಂದ ಇಳಿಯುವುದಕ್ಕೆ ಶುರುಮಾಡಿದೆವು. ವೈರಿಲ್ಲದೆ ಕೆಲಸ ಮಾಡುವುದನ್ನು ಬಿಟ್ಟು ವೈರಿರುವುದಕ್ಕೆ ಬಂದೆವು. ಗಾಳಿಯ ಬಟ್ಟಲು ಬೇರೆ ಬೆಲೆ ಎಂದ, ಗಾಳಿ ಬಿಟ್ಟೆವು. ತೇವ ಅಳೆಯುವುದನ್ನು ಬಿಡುವಾಗ ನಾಗೇಶ, "ತೇವ ಬಟ್ಟೆ ಒಣಗದೇ ಇದ್ರೆ ಗೊತ್ತಾಗುತ್ತೆ ಬಿಡಿ" ಎಂದು ತಾನೇ ಸಮಾಧಾನ ಹೇಳಿಕೊಂಡ. ಉದ್ದ ವೈರು ಬೇಕಾದರೆ ಅದಕ್ಕೂ ಬೇರೆ ದುಡ್ಡು. "ಗಿಡ್ಡ ವೈರೇ ಸಾಕು, ಮನೆ ಹತ್ರಾನೇ ಇಟ್ಕೊಳ್ತೀವಿ," ಎಂದೆವು. ಅಳೆಯದೆ ಬಿಟ್ಟದ್ದೇ ಹೆಚ್ಚಾದ ಆ ಹವಾಮಾನ ಕೇಂದ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆವು. ಪಕ್ಕದವರು ಏನೆಂದು ಕೇಳಿದಾಗ ನಾಗೇಶ ಇಂಗ್ಲಿಷಿನಲ್ಲೇ ಹೇಳಿದ.

ಅಂಕಿ ತೋರಿಸುವ ಪೆಟ್ಟಿಗೆ ಜಗಲಿಯ ಗೋಡೆಯ ಮೇಲೆ ಕೂತಿತು, ಬಂದವರಿಗೆಲ್ಲ ಕಾಣುವಂತೆ. ಮಳೆ ಹಿಡಿಯುವ ಡಬ್ಬಿಯನ್ನು ಬಯಲಿನಲ್ಲಿಡಬೇಕೆಂದು ಪಾಠದಲ್ಲಿತ್ತು. ಹಾಗೆಂದು ನಾನೂ ಹೇಳಿದೆ. ವೈರು ಬಯಲಿಗೆ ಎಟುಕಲಿಲ್ಲ. ಎಳೆದೆಳೆದು ಎಟುಕಿದ್ದು ಅಂಗಳದ ಅಂಚಿನವರೆಗೆ, ಹಂಚಿನ ಸೂರಿನ ಬುಡಕ್ಕೆ. "ಇಲ್ಲಿಂದಲೂ ಆಕಾಶ ಕಾಣುತ್ತಲ್ಲ ಭಾವ," ಎಂದ ನಾಗೇಶ. ಬಗ್ಗಿ ಕತ್ತು ಓರೆ ಮಾಡಿ ನೋಡಿದೆ. ಕಂಡಿತು.

ಹಿಂಗಾರಿನ ಮೊದಲ ಮಳೆಗೇ ನಾಗೇಶ ಸುತ್ತಲಿನ ತೋಟಗಳನ್ನೆಲ್ಲ ಸೋಲಿಸಿಬಿಟ್ಟ. ಬೇರೆಯವರಿಗೆ ಒಂದಿಂಚಾದರೆ ಇವನಿಗೆ ಮೂರು. ಪೆಟ್ಟಿಗೆ ಮಿಲಿಮೀಟರಿನಲ್ಲಿ ಹೇಳುತ್ತಿತ್ತು, ಗೋಣಿಬೀಡಿನಲ್ಲಿ ಮಿಲಿಮೀಟರಿಗೆ ಮರ್ಯಾದೆ ಇರಲಿಲ್ಲವಾದ್ದರಿಂದ ಕ್ಯಾಲ್ಕುಲೇಟರ್ ಹಿಡಿದು ಇಂಚು ಮಾಡಿ ಊರಿಗೆ ಸಾರುತ್ತಿದ್ದ. ಸೂರಿನ ನೀರೆಲ್ಲ ಡಬ್ಬಿಗೆ ಇಳಿಯುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಇಲ್ಲ, ಹೊಳೆಯುವುದು ಬೇಡವಾಗಿತ್ತು ಅನ್ನಬೇಕು. ಮಳೆಗೇ ಹೆಸರಾದ ಕುದುರೆಮುಖದ ಟೌನ್‌ಶಿಪ್ಪಿನಲ್ಲಿದ್ದ ಒಬ್ಬ ನೆಂಟರು ಫೋನಿನಲ್ಲಿ, "ನಮ್ಮಲ್ಲಿಗಿಂತ ಜಾಸ್ತಿಯೇನೋ?" ಎಂದು ತಬ್ಬಿಬ್ಬಾದ ದಿನ ನಾಗೇಶ ಅಂಗಳದಲ್ಲಿ ನಡೆದ ನಡಿಗೆಯನ್ನು ನೀವು ನೋಡಬೇಕಿತ್ತು. ಮೇಲಿನ ಮನೆಯಲ್ಲಿ ಧರ್ಮಣ್ಣ ಎಲ್ಲವನ್ನೂ ಕೇಳಿ ಸುಮ್ಮನಿದ್ದರು.

ಮಾರ್ಚ್ ಬಂತು. ಕಾಫಿಯವರ ವರ್ಷವೆಲ್ಲ ನಿಂತಿರುವುದು ಆಗಿನ ಹೂಮಳೆಯ ಮೇಲೆ. ಒಂದಿಂಚಿನಷ್ಟು ಬಂದರೆ ಮೊಗ್ಗು ಅರಳಿ ತೋಟ ಬೆಳ್ಳಗಾಗುತ್ತದೆ. ಅರೆಬರೆ ಬಂದರೆ ಬರದಿರುವುದಕ್ಕಿಂತ ಕಷ್ಟ. ಮೊಗ್ಗು ಎದ್ದು, ಅರಳಲಾರದೆ ಕಮರುತ್ತದೆ; ಕೂಡಲೇ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು. ನಾವು ಗೋಣಿಬೀಡಿನಲ್ಲಿದ್ದ ಒಂದು ಶನಿವಾರ ಸಂಜೆ ಗುಡುಗಿ ಮಳೆ ಬಂತು. ಭಾನುವಾರ ಬೆಳಿಗ್ಗೆ ಪೆಟ್ಟಿಗೆಯ ಲೆಕ್ಕ ಒಂದೂವರೆ ಇಂಚು. ನಾಗೇಶ ಕುಣಿಯುವುದೊಂದು ಬಾಕಿ. ಪಂಪಿನ ಎಂಜಿನ್ನು ಕೆಟ್ಟು ಮೂಡಿಗೆರೆಯಲ್ಲಿ ರಿಪೇರಿಗೆ ಕೂತಿತ್ತು. "ಈ ವರ್ಷ ಅದರ ಹಂಗೇ ಇಲ್ಲ ಜಯಂತಿ!" ಎಂದು ಕೂಗಿ, ಊರಿಗೆಲ್ಲ ಫೋನು ಮಾಡಿದ.

ಸ್ವಲ್ಪ ಹೊತ್ತಿಗೆ ಫೋನು ತಾನೇ ಬಡಿದುಕೊಂಡಿತು. ಎತ್ತಿದ್ದು ವಿಮಲಾ. ಎತ್ತಿದವಳು ಹಾಗೇ ನಿಂತಳು. "ಅಣ್ಣಾ?"

ಜಗಲಿಯಲ್ಲಿದ್ದವರೆಲ್ಲ ಅವಳ ಕಡೆಗೆ ತಿರುಗಿದೆವು.

"ನಾಗೇಶ, ಅಣ್ಣ ಕೇಳ್ತಿದ್ದಾನೆ, ಡಬ್ಬ ಎಲ್ಲಿಟ್ಟಿದ್ದೀಯಾ ಅಂತ."

"ನನ್ನ ಪಾಲಿನ ನೆಲದಲ್ಲಿ ಇಟ್ಟಿದ್ದೀನಿ ಅಂತ ಹೇಳು."

ಹೇಳುವ ಅಗತ್ಯವಿರಲಿಲ್ಲ, ಆ ಕೂಗು ಫೋನಿಲ್ಲದೆಯೇ ಗುಡ್ಡ ಹತ್ತುವಂತಿತ್ತು. ವಿಮಲಾ ಇನ್ನೊಮ್ಮೆ ಕಿವಿಗೊಟ್ಟಳು. "ನೆಲದಲ್ಲೋ, ಸೂರಿನಡಿಯಲ್ಲೋ ಕೇಳು ಅಂತಾನೆ." ನಾನು ಸೂರಿನ ಕಡೆಗೆ ನೋಡಿದೆ. ನಾಗೇಶ ಎಲ್ಲಿಗೂ ನೋಡಲಿಲ್ಲ.

ಆಮೇಲೆ ಬೇಲಿ ದಾಟುವ ತಡಮೆಗೆ ಅಡ್ಡ ಕಟ್ಟಿದ್ದ ಮುಳ್ಳನ್ನು ಸರಿಸಿಕೊಂಡು ಧರ್ಮಣ್ಣ ಇಳಿದು ಬಂದರು. ಪಾಲಾದ ಮೇಲೆ ಅವರು ಆ ಅಂಗಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಯಾರನ್ನೂ ಮಾತಾಡಿಸದೆ ನೇರ ಡಬ್ಬಿಯ ಬಳಿಗೆ ಹೋಗಿ, ಅದನ್ನು ನೋಡಿ, ತಲೆಯೆತ್ತಿ ಹಂಚು ನೋಡಿ, ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ಇದನ್ನ ಇಡುವಾಗ ನೀವೂ ಇದ್ರಾ?"

"ವೈರು ಗಿಡ್ಡವಾಯ್ತು," ಎಂದೆ.

ಅವರಿಗೆ ನಗು ಬಂತು. ಮೊದಲು ಹೆಗಲು ಕುಲುಕಿತು, ಆಮೇಲೆ ಮೈಯೆಲ್ಲ. ಕೊನೆಗೆ ಮೆಟ್ಟಿಲ ಮೇಲೆ ಕೂತು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕರು. ನಾಗೇಶನ ಮುಖ ಕೆಂಪೇರುತ್ತಿತ್ತು. ನಗು ನಿಂತ ಮೇಲೆ ಅವರು ಎದ್ದು, ಹತ್ತಿರದ ಕಾಫಿ ಗಿಡದ ಬುಡದ ತರಗೆಲೆಯನ್ನು ಕಾಲಿನಿಂದ ಸರಿಸಿದರು. ಮೇಲೆ ಒಂದಿಷ್ಟು ಒದ್ದೆ, ಕೆರೆದರೆ ಕೆಳಗೆಲ್ಲ ಒಣ ಮಣ್ಣು.

"ನಲವತ್ತು ಸೆಂಟು ಬಿದ್ದಿರೋದು ಕಣೋ. ಇವತ್ತು ನೀರು ಹಾಯಿಸದಿದ್ರೆ ಮೊಗ್ಗೆಲ್ಲ ಹೋಗುತ್ತೆ."

"ನಿನ್ನ ಡಬ್ಬ ಸರಿ ಅಂತ ಏನು ಗ್ಯಾರಂಟಿ? ಅಪ್ಪನ ಕಾಲದ್ದು ಅದು."

"ಅಪ್ಪನ ಕಾಲದ್ದು ಅಂತಾನೇ ಅಲ್ವೇನೋ ನಿಂಗೂ ಬೇಕಾಗಿದ್ದಿದ್ದು?"

ಜಯಂತಿ ಕಾಫಿ ತಂದು ಧರ್ಮಣ್ಣನ ಮುಂದೆ ಹಿಡಿದಳು. ಅವರು ನಿಂತೇ ಕುಡಿದು, ಲೋಟ ಕೆಳಗಿಟ್ಟು, "ನನ್ನ ಪಂಪು ಹಾಕಿಸ್ತೀನಿ. ನಿನ್ನ ತೋಟ ಬಿಸಿಲಿಗಿದೆ, ಮೊದಲು ನಿಂದೇ ಆಗ್ಲಿ," ಎಂದು ಹೊರಟೇಬಿಟ್ಟರು.

ಆ ಇಡೀ ದಿನ ಮತ್ತು ಮರುದಿನ ಅಣ್ಣ ತಮ್ಮಂದಿರು ಪೈಪು ಹೊತ್ತು ಜಗಳವಾಡಿದರು. ಸ್ಪ್ರಿಂಕ್ಲರಿನ ಜೆಟ್ಟು ಎಲ್ಲಿ ನಿಲ್ಲಿಸಬೇಕು ಎಂದು ಜಗಳ, ಕಪ್ಲಿಂಗು ಬಿಗಿಯಾಯಿತೋ ಇಲ್ಲವೋ ಎಂದು ಜಗಳ. ನಡುವೆ ಅಪ್ಪನ ಆಸ್ಪತ್ರೆ ಖರ್ಚಿನ ಹಳೇ ಜಗಳವೂ ಬಂದು ಹೋಯಿತು. ಇಷ್ಟು ವರ್ಷ ಬಾಕಿ ಉಳಿದ ಮಾತನ್ನೆಲ್ಲ ಒಂದೇ ಸಲಕ್ಕೆ ಆಡಿ ಮುಗಿಸುವವರಂತೆ ಕೂಗಾಡುತ್ತಿದ್ದರು. ವಿಮಲಾ ಜಗಲಿಯಲ್ಲಿ ಕೂತು ಕೇಳುತ್ತಾ, "ಆಹಾ, ಎಷ್ಟು ದಿನ ಆಗಿತ್ತು," ಎಂದಳು.

ವಾರ ಕಳೆದ ಮೇಲೆ ನಾಗೇಶನ ತೋಟ ಸುಣ್ಣ ಬಳಿದಂತೆ ಅರಳಿತು. ಆ ಪರಿಮಳಕ್ಕೆ ತಲೆ ತಿರುಗುತ್ತಿತ್ತು. ಮೇಲೆ ಹೋಗಿ ನೋಡಿದರೆ ಧರ್ಮಣ್ಣನ ತೋಟದ ಒಂದು ಪಟ್ಟೆಯಲ್ಲಿ ಮೊಗ್ಗು ಅರ್ಧಕ್ಕರ್ಧ ಕಮರಿ ನಿಂತಿತ್ತು. ಅಲ್ಲಿಗೆ ನೀರು ತಲುಪುವುದು ತಡವಾಗಿತ್ತು. ಅವರು ಅದರ ಮಾತೆತ್ತಲಿಲ್ಲ. ನಾಗೇಶನೂ ಎತ್ತಲಿಲ್ಲ, ಆದರೆ ಬೇಲಿಯ ತಡಮೆಗೆ ಅಡ್ಡ ಕಟ್ಟಿದ್ದ ಮುಳ್ಳನ್ನು ಮಾರನೇ ದಿನ ತಾನೇ ಕಿತ್ತು ಹಾಕಿದ.

ಯಂತ್ರದ ಗತಿಯೇನಾಯಿತು ಎನ್ನುತ್ತೀರಾ? ವೈರಿಗೆ ವೈರು ಕಟ್ಟಿ ಬಯಲಿಗೆ ಕಳಿಸಿದ ವಾರಕ್ಕೇ ಇಲಿ ಕಡಿಯಿತು. ನಾಗೇಶ ಈಗ ಎಲ್ಲರಂತೆ ಸಾದಾ ಮಳೆಮಾಪಕ ಇಟ್ಟುಕೊಂಡು, ಎಲ್ಲರಂತೆ ಸಾದಾ ಮಳೆ ಪಡೆಯುತ್ತಾನೆ.

ಮಿಕ್ಸಿಯ ವಾಷರ್ ಸಿಗದ ಆ ದಿನ ಮನೆಗೆ ಬಂದು ಇದನ್ನೆಲ್ಲ ನೆನೆದ ಮೇಲೆ ಮನಸ್ಸು ತಡೆಯದೆ, ನಿನ್ನೆ ಗೋಣಿಬೀಡಿಗೆ ಹೋಗಿದ್ದೆ. ಧರ್ಮಣ್ಣನಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ಗಾಜಿನ ಲೋಟದ ಗೆರೆ ಕಾಣುವುದಿಲ್ಲ. ದಿನಾ ಬೆಳಿಗ್ಗೆ ನಾಗೇಶ ಗುಡ್ಡ ಹತ್ತಿ ಬಂದು ಅಣ್ಣನ ಮಳೆ ಅಳೆದು ಹೇಳಿ ಹೋಗುತ್ತಾನೆ. ಅವನ ವಯಸ್ಸಿಗೆ ಅದೇನು ಸಣ್ಣ ಏರಲ್ಲ. ನಿನ್ನೆಯೂ ಬಂದ. ಲೋಟವನ್ನು ಬೆಳಕಿಗೆ ಹಿಡಿದು, "ಒಂದು ಐವತ್ತು ಅಣ್ಣಾ. ನನ್ನಲ್ಲಿ ಒಂದು ಮೂವತ್ತು ಅಷ್ಟೇ," ಎಂದು ಕೂಗಿ ಹೇಳಿದ. ನಾನು ಪಕ್ಕದಲ್ಲೇ ಇದ್ದೆ. ಲೋಟದಲ್ಲಿದ್ದದ್ದು ಒಂದು ಇಪ್ಪತ್ತು.

ಅವನು ನೀರು ಚೆಲ್ಲಲು ಆಚೆ ಹೋದಾಗ ಧರ್ಮಣ್ಣ ನನ್ನ ಕಡೆಗೆ ಬಾಗಿದರು. "ಜಾಸ್ತಿ ಸೇರಿಸಿ ಹೇಳ್ತಾನೆ ಮೇಷ್ಟ್ರೇ. ಸೂರಿನ ಮೇಲೆ ಬೀಳೋ ಸದ್ದಿನಲ್ಲೇ ನಂಗೆ ಗೊತ್ತಾಗುತ್ತೆ. ನೀವು ಹೇಳೋಕೆ ಹೋಗ್ಬೇಡಿ."

ಇಳಿದು ಬರುವಾಗ ತಡಮೆಯ ಹತ್ತಿರ ನಾಗೇಶ ಕೇಳಿದ. "ಅಣ್ಣ ಏನೋ ಅಂದನಲ್ಲ ಭಾವ, ಏನಂದ?"

"ನಿನ್ನ ಲೆಕ್ಕ ಸರಿಯಾಗಿದೆ ಅಂದ್ರು," ಎಂದೆ.