ಐದನೇ ಜ್ವರ

ನೀಲಗಿರಿ ಎಣ್ಣೆಯ ವಾಸನೆ ನಿಮಗೆ ನೆಗಡಿಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ಹುಳು ಖಾಲಿಯಾದ ಮನೆ. ಜಂಗಮಕೋಟೆ ಹತ್ತಿರದ ನಮ್ಮ ಮನೆಯಲ್ಲಿ ನಡುಮನೆ ರೇಷ್ಮೆಹುಳುಗಳದ್ದು, ಮಿಕ್ಕದ್ದು ನಮ್ಮದು. ಘಾಟು ತಗುಲಿದರೆ ಹುಳು ಸೊಪ್ಪು ಮುಟ್ಟುವುದಿಲ್ಲವೆಂದು ಊದುಬತ್ತಿಯನ್ನೂ ಹಚ್ಚುತ್ತಿರಲಿಲ್ಲ. ಹಾಗಾಗಿ ಅಜ್ಜಿ ಮಂಡಿನೋವಿಗೆ ಹಚ್ಚುವ ಆ ಎಣ್ಣೆಯ ಬಾಟಲಿ, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವವರೆಗೆ, ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಅಲ್ಲಿಯತನಕ ಬಿಸಿ ಉಪ್ಪಿನ ಗಂಟು, ಹಳೇ ಸೀರೆಯ ಅಂಚಿನಿಂದ ಬಿಗಿದ ಕಟ್ಟು, ಅಷ್ಟೇ. ಯಾವ ಮಂಡಿ? ನನ್ನ ಡೈರಿಯಲ್ಲಿ ಒಂದು ಕಡೆ ಬಲ ಎಂದಿದೆ, ಇನ್ನೊಂದು ಕಡೆ ಎಡ.

ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಇರುತ್ತದೆ. ಆಗ ಅದನ್ನು ಯಾರೂ ಮುಟ್ಟಬಾರದು. ನಾಲ್ಕು ಸಲ ಹೀಗೆ ಕೂತು ಎದ್ದು, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ನೋವು ಏರಿದಾಗ ಅಜ್ಜಿಯೂ ಗೋಡೆಗೊರಗಿ, ಕಾಲು ಚಾಚಿ, ತಲೆಯೆತ್ತಿ ಕಣ್ಣು ಮುಚ್ಚುತ್ತಿದ್ದಳು. ಮಾತಾಡಿಸಿದರೆ, "ಹುಳಕ್ಕೆ ನಾಲ್ಕೇ ಜ್ವರ ಕಣಮ್ಮ, ನಂದು ಐದನೇದು. ಎದ್ದ ಮೇಲೆ ಕಾಫಿ ಕೊಡು," ಅನ್ನುತ್ತಿದ್ದಳು. ಅವಳು ನರಳಿದ್ದನ್ನು ಕೇಳಿದ ನೆನಪಿಲ್ಲ. ತಪ್ಪು ನನ್ನ ಕಿವಿಯದೂ ಇರಬಹುದು.

ನನಗಾಗ ಒಂಬತ್ತೋ ಹತ್ತೋ ವರ್ಷ. ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಿದ್ದಿದ್ದವು. ಗೂಡಿಗೆ ಇನ್ನೊಂದೇ ವಾರ, ಅದರಲ್ಲಿ ಕೆಟ್ಟರೆ ಇಡೀ ಬೆಳೆ ಕೆಟ್ಟಂತೆ. ಅಜ್ಜಿಯ ಮಂಡಿ ಊದಿಕೊಂಡಿತ್ತು. ಒಂದು ಮಧ್ಯಾಹ್ನ ಅವಳು ಕಣ್ಣು ಮುಚ್ಚಿ ಕೂತಿದ್ದಾಗ ನಾನು ಬಾಟಲಿ ತಂದು, ಸುರಿದು, ತಿಕ್ಕಿದೆ. ಅವಳ ಮುಖ ಸಡಿಲವಾಯಿತು. ಅದನ್ನು ಕಂಡೆನೋ, ನನಗೆ ಬೇಕಾಗಿ ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಮರುಕ್ಷಣ ಕಣ್ಣು ತೆರೆದು ನಡುಮನೆ ಬಾಗಿಲ ಕಡೆ ನೋಡಿದಳು. ಬೈಯಲಿಲ್ಲ. ಗೋಡೆ ಹಿಡಿದು ಎದ್ದು, ಚಾಪೆ ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು. ಸೋಪು ಹಾಕಿ ತೊಳೆಯುತ್ತೇನೆಂದು ಅಮ್ಮ ಹಿಂದೆಯೇ ಓಡಿದಳು.

"ಮಗು ಹಚ್ಚಿದ್ದು ತೊಳೀಬೇಡ," ಎಂದಳು ಅಜ್ಜಿ. "ಹುಳ ಹಣ್ಣಾಗೋವರೆಗೂ ನಾನೇ ಇಲ್ಲಿರ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಹೆಂಗೂ ಆಚೆ ಬಂದಾಯ್ತಲ್ಲ, ದಿನಾ ಹಚ್ಚು ಕಣೇ."

ಒಂದು ವಾರ ದಿನಾ ಹಚ್ಚಿದೆ. ಅಮ್ಮ ನನ್ನ ಕೈಗಳನ್ನು ಬೂದಿ ಹಾಕಿ ತಿಕ್ಕಿ ತೊಳೆದೇ ಒಳಗೆ ಬಿಡುತ್ತಿದ್ದಳು. ನಾನು ಹೋದೊಡನೆ ಅಜ್ಜಿ ಕೇಳುತ್ತಿದ್ದದ್ದು ಎಣ್ಣೆಯನ್ನಲ್ಲ. "ಹುಳ ಸೊಪ್ಪು ತಿಂದ್ವಾ?" ತಿಂದಿದ್ದವು. ಆ ಸಲ ಗೂಡು ಚೆನ್ನಾಗಿಯೇ ಬಂತು. ಕೊಟ್ಟಿಗೆಯ ಚಾಪೆ, ಇಷ್ಟು ಸುಲಭದ ಉಪಾಯ, ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಯಾಕೆ ಹೊಳೆದಿರಲಿಲ್ಲ? ಅವಳ ತಾಳ್ಮೆಗೆ ನಾವೆಲ್ಲ ಬೆರಗಾಗಿದ್ದೆವು, ಬೆರಗಾಗುವುದು ಸುಲಭವಾಗಿತ್ತು. ಆದರೂ ಆ ಬೆರಗು ನನ್ನಲ್ಲಿ ಇಂದಿಗೂ ಇಳಿದಿಲ್ಲ.

ಅಜ್ಜಿಯಿಲ್ಲ, ಆ ಮನೆಯೂ ಇಲ್ಲ. ಈಗ ನನಗೂ ಮಂಡಿ ಹಿಡಿದಿದೆ. ಬಾಟಲಿಯ ಮುಚ್ಚಳ ತಿರುವುವ ಮುಂಚೆ ಕೈ ತಡೆಯುತ್ತದೆ. ಒಳಗೆ ಹುಳುವೇನೂ ಇಲ್ಲವೆಂದು ಗೊತ್ತಿದ್ದೂ ಒಳಕೋಣೆಯ ಬಾಗಿಲನ್ನು ಎಳೆದು ಮುಚ್ಚಿ ಬರುತ್ತೇನೆ.